ಹುಸೇನಬಿ ಕೂತ ಜಾಗದಿಂದ

2006ನೇ ಇಸವಿಯಲ್ಲಿ ನಾನು ರಾಣೆಬೆನ್ನೂರಿನ ಸ್ಟೇಷನ್ ರಸ್ತೆಯಲ್ಲಿ ಫೋಟೋ ಸ್ಟುಡಿಯೋ ನಡೆಸುತ್ತಿದ್ದೆ. ಆ ಹೊತ್ತಿಗೆ ಈ ಕಸುಬಿನಲ್ಲಿ ಹತ್ತೊಂಬತ್ತು ವರ್ಷ ಕಳೆದಿದ್ದವು. ಮದುವೆಗಳಿಗೆ ಹಳೆಯ ಫಿಲ್ಮ್ ಕ್ಯಾಮೆರಾ, ಪಾಸ್‌ಪೋರ್ಟ್ ಫೋಟೋಗಳಿಗೆ ಹೊಸದಾಗಿ ತಂದ ಐದು ಮೆಗಾಪಿಕ್ಸೆಲ್ಲಿನ ಪುಟ್ಟ ಡಿಜಿಟಲ್ ಕ್ಯಾಮೆರಾ, ನಡುನಡುವೆ ಬೀಜದ ಕಂಪನಿಗಳ ಪುಸ್ತಿಕೆಗೆ ಬದನೆ, ಟೊಮ್ಯಾಟೊಗಳ ಫೋಟೋ, ಹೀಗೆ ಬದುಕು ಸಾಗಿತ್ತು. ಊರಿನಲ್ಲಿ ನನಗೆ ಒಳ್ಳೆಯ ಕೆಲಸಗಾರ ಎಂಬ ಹೆಸರಿತ್ತು. ಸಿಟ್ಟಿನವನು ಎಂಬ ಹೆಸರೂ ಇತ್ತು. ಗಿರಾಕಿಗಳು ನನಗೇ ಫೋಟೋ ತೆಗೆಯುವುದನ್ನು ಕಲಿಸಲು ಬಂದರೆ ನನಗೆ ಮೈಯೆಲ್ಲ ಉರಿಯುತ್ತಿತ್ತು. ಎರಡೂ ಹೆಸರು ನ್ಯಾಯವಾಗಿಯೇ ಬಂದಿದ್ದವು ಎಂದು ಈಗ ಒಪ್ಪಿಕೊಳ್ಳುತ್ತೇನೆ.

ಆ ವರ್ಷ ಸಂಕ್ರಾಂತಿಗೆ ಮೊದಲು ಮುಂಬಯಿಗೆ ಹೋದವನು ಒಂದು ಫಿಶ್‌ಐ ಕನ್ವರ್ಟರ್ ಲೆನ್ಸ್ ಕೊಂಡು ತಂದೆ. ಹೆಸರು ದೊಡ್ಡದು, ಸಂಗತಿ ಸರಳ. ಸಣ್ಣ ಡಿಜಿಟಲ್ ಕ್ಯಾಮೆರಾಗಳ ಲೆನ್ಸನ್ನು ಬಿಚ್ಚಿ ಬದಲಿಸಲು ಬರುವುದಿಲ್ಲ. ಅದಕ್ಕಾಗಿ ಅದರ ಮುಂದೆ ಅಡಾಪ್ಟರ್ ಎಂಬ ಲೋಹದ ಕೊಳವೆಯನ್ನು ಸಿಕ್ಕಿಸಿ, ಕೊಳವೆಯ ತುದಿಗೆ ಇನ್ನೊಂದು ಲೆನ್ಸನ್ನು ತಿರುಗಿಸಿ ಕೂರಿಸುತ್ತಾರೆ. ಇದ್ದ ಲೆನ್ಸಿನ ನೋಟವನ್ನೇ ಮಾರ್ಪಡಿಸುವುದರಿಂದ ಅದು ಕನ್ವರ್ಟರ್. ನಾನು ತಂದದ್ದರ ಮುಂದಿನ ಗಾಜು ಅರ್ಧ ಲಿಂಬೆಹಣ್ಣಿನಂತೆ ಉಬ್ಬಿತ್ತು. ನಿಮ್ಮ ಎಡಗಿವಿಯ ನೇರದಿಂದ ಬಲಗಿವಿಯ ನೇರದವರೆಗೆ, ಅಂದರೆ ಸುಮಾರು ನೂರ ಎಂಬತ್ತು ಡಿಗ್ರಿಯಷ್ಟು, ಎದುರಿಗೆ ಇರುವುದನ್ನೆಲ್ಲ ಅದು ಒಂದು ವೃತ್ತದೊಳಗೆ ತುಂಬಿ ಕೊಡುತ್ತಿತ್ತು. ಸುತ್ತಲೂ ಕಪ್ಪು, ನಡುವೆ ದುಂಡಗಿನ ಚಿತ್ರ. ನಟ್ಟನಡುವೆ ಇದ್ದದ್ದು ಸರಿಯಾಗಿ ಕಾಣುತ್ತದೆ. ಅಂಚಿಗೆ ಹೋದಂತೆಲ್ಲ ಗೋಡೆ ಬಾಗುತ್ತದೆ, ಕಂಬ ಬಾಗುತ್ತದೆ, ಮನುಷ್ಯರೂ ಬಾಗುತ್ತಾರೆ.

ಮನುಷ್ಯರು ಬಾಗಿದ್ದೇ ಫಜೀತಿಯಾಯಿತು. ಮೋಟೆಬೆನ್ನೂರಿನ ಒಂದು ಮದುವೆಯಲ್ಲಿ ಇಡೀ ಬೀಗರ ಪಂಕ್ತಿಯನ್ನು ಒಂದೇ ಚಿತ್ರದಲ್ಲಿ ಹಿಡಿಯುತ್ತೇನೆಂದು ಜಂಬ ಕೊಚ್ಚಿದ್ದೆ. ಹಿಡಿದದ್ದೇನೋ ಹಿಡಿದೆ. ಆದರೆ ಅಂಚಿನಲ್ಲಿ ನಿಂತಿದ್ದ ವರನ ಸೋದರಮಾವ ನಾಲ್ಕು ದಿನದ ಮೇಲೆ ಆಲ್ಬಂ ಹಿಡಿದುಕೊಂಡು ಸ್ಟುಡಿಯೋಕ್ಕೇ ಬಂದ. “ಏನ್ರೀ ಇದು? ನಾ ಏನ್ ಬಾಳಿಹಣ್ಣೇನ್ರಿ, ಹಿಂಗ ಡೊಂಕ ಮಾಡೀರಿ?” ಎಂದು ಕೇಳಿದ. ನನ್ನ ಹೆಂಡತಿ ಕಪ್ಪೆಯ ಕಣ್ಣಿನಂತೆ ಉಬ್ಬಿದ್ದ ಆ ಲೆನ್ಸಿಗೆ ‘ಕಪ್ಪಿಗಣ್ಣು’ ಎಂದು ಹೆಸರಿಟ್ಟು, ಬಂದವರಿಗೆಲ್ಲ ತೋರಿಸಿ, ಅದರ ಬೆಲೆ ಹೇಳಿ ನಗತೊಡಗಿದಳು. ನಾನು ಅದನ್ನು ಡಬ್ಬಿಯಲ್ಲಿ ಹಾಕಿ ಕಪಾಟಿನ ಮೇಲಿಟ್ಟೆ.

ಫೆಬ್ರುವರಿಯಲ್ಲಿ ಬ್ಯಾಡಗಿಯ ಒಬ್ಬ ಮೆಣಸಿನಕಾಯಿ ವ್ಯಾಪಾರಿ ತನ್ನ ಕ್ಯಾಲೆಂಡರಿಗೆ ಮಾರುಕಟ್ಟೆಯ ಫೋಟೋ ಬೇಕೆಂದು ಕರೆಸಿದ. ಸುಗ್ಗಿಯ ಹೊತ್ತಿನಲ್ಲಿ ಬ್ಯಾಡಗಿಗೆ ಹೋದವರಿಗೆ ಗೊತ್ತು: ರೈಲಿನಿಂದ ಇಳಿಯುವ ಮೊದಲೇ ಮೂಗಿಗೆ ಊರು ಬಂದಿರುತ್ತದೆ. ಮಾರುಕಟ್ಟೆಯ ತುಂಬ ಕೆಂಪು ರಾಶಿಗಳು. ನಾನು ಅರ್ಧ ದಿನ ಸೀನುತ್ತ, ಕೆಮ್ಮುತ್ತ ಫೋಟೋ ತೆಗೆದೆ. ಕೊನೆಗೆ ಧೂಳು ಕೂತ ಲೆನ್ಸನ್ನು ಕರವಸ್ತ್ರದಿಂದ ಒರೆಸಿ, ಅದೇ ಕರವಸ್ತ್ರದಿಂದ ಮುಖದ ಬೆವರನ್ನೂ ಒರೆಸಿಕೊಂಡೆ. ಎರಡು ಕಣ್ಣಿಗೂ ಬೆಂಕಿ ಬಿದ್ದಂತಾಯಿತು. ಕಣ್ಣು ಮುಚ್ಚಿಕೊಂಡು ಕುಣಿಯತೊಡಗಿದೆ.

ಪಕ್ಕದ ವಖಾರಿಯಿಂದ, ಅಂದರೆ ಮೆಣಸಿನಕಾಯಿಯ ಗೋದಾಮಿನಿಂದ, ಹೆಂಗಸರ ನಗು ಕೇಳಿಸಿತು. ಯಾರೋ ರಟ್ಟೆ ಹಿಡಿದು ಒಳಗೆ ಕರೆದೊಯ್ದು ಕೂರಿಸಿ, ಮುಖಕ್ಕೆ ತಣ್ಣೀರು ಹೊಯ್ದರು. “ಕಣ್ಣ ಉಜ್ಜಬ್ಯಾಡ್ರಿ ಸಾಹೇಬ್ರ, ಸುಮ್ನ ಕುಂದ್ರಿ. ಅತ್ತಷ್ಟೂ ಛಲೋ,” ಎಂದಳು ಆಕೆ. ಹೇಳಿದಂತೆ ಅತ್ತೆ. ಕಣ್ಣು ತೆರೆದಾಗ ಎದುರಿಗೆ ಒಂದು ರಾಶಿ, ಅದರ ಸುತ್ತ ದುಂಡಗೆ ಕುಳಿತ ಹೆಂಗಸರು ಕಂಡರು. ಮೆಣಸಿನಕಾಯಿಯ ತೊಟ್ಟಿಗೆ ಅಲ್ಲಿ ತುಂಬು ಎನ್ನುತ್ತಾರೆ. ತುಂಬು ಬಿಡಿಸುವ ಹನ್ನೊಂದು ಮಂದಿಯ ಗುಂಪು ಅದು. ನನಗೆ ನೀರು ಹೊಯ್ದವಳು ಗುಂಪಿನ ಮುಂದಾಳು ಕಲ್ಲವ್ವ. ಕೈ ಉರಿಯಬಾರದೆಂದು ಎಲ್ಲರ ಬೆರಳುಗಳಿಗೂ ಕೊಬ್ಬರಿ ಎಣ್ಣೆ ಹಚ್ಚಿತ್ತು.

ನಾನು ಫೋಟೋದವನೆಂದು ತಿಳಿದ ಮೇಲೆ ಕಲ್ಲವ್ವ, ನಾನು ಹೊರಡುವಾಗ, ಜೊತೆಗೆ ಬಾಗಿಲವರೆಗೆ ಬಂದಳು. ದನಿ ತಗ್ಗಿಸಿ ಹೇಳಿದಳು: “ನಮ್ಮದೊಂದು ಫೋಟೋ ತೆಗೀರಿ. ನಮಗಲ್ಲ, ಹುಸೇನಬಿಗೆ. ಅಕಿ ಕಣ್ಣ ಹೊಂಟಾವು. ಈ ಸುಗ್ಗಿ ಮುಗದ ಮ್ಯಾಲೆ ಮಗಳ ಕಡೆ ಹಾವೇರಿಗೆ ಹೊಕ್ಕಾಳ. ಹೋಗೂದರಾಗ ನಮ್ಮನ್ನೆಲ್ಲಾ ಒಮ್ಮೆ ಕಣ್ಣ ತುಂಬ ನೋಡಬೇಕಂತಾಳ್ರಿ.”

ಹುಸೇನಬಿ ಆ ಗುಂಪಿನಲ್ಲಿ ಎಲ್ಲರಿಗಿಂತ ಹಿರಿಯಳು, ಅರವತ್ತರ ಹತ್ತಿರದವಳು. ಇಪ್ಪತ್ತೆರಡು ವರ್ಷದಿಂದ ಅದೇ ಸುತ್ತಿನಲ್ಲಿ ಅದೇ ಜಾಗದಲ್ಲಿ ಕೂರುತ್ತಿದ್ದವಳು. ಹುಬ್ಬಳ್ಳಿಯ ಕಣ್ಣಿನ ಡಾಕ್ಟರು ಗ್ಲಾಕೋಮಾ ಎಂದಿದ್ದರಂತೆ. ಕಣ್ಣೊಳಗಿನ ಒತ್ತಡ ಹೆಚ್ಚಾಗಿ ನರ ಹಾಳಾಗುವ ರೋಗ. ಹೋದ ನೋಟ ಮರಳಿ ಬರುವುದಿಲ್ಲ, ಉಳಿದದ್ದನ್ನು ಔಷಧದ ಹನಿ ಹಾಕಿ ಕಾಪಾಡಿಕೊಳ್ಳಬೇಕು, ಎಷ್ಟು ದಿನ ಉಳಿಯುತ್ತದೆಂದು ಹೇಳಲಾಗದು. ಇಷ್ಟನ್ನೂ ಕಲ್ಲವ್ವ ಹೇಳಿದಳು. ನಾನು ಕೇಳಿದೆ, ಆದರೆ ತಲೆಗೆ ಹೋದದ್ದು ‘ಕಣ್ಣು ಮಂದ’ ಎಂಬುದಷ್ಟೇ. ಕಣ್ಣು ಮಂದ ಎಂದರೆ ಫೋಟೋ ದೊಡ್ಡದಾಗಿರಬೇಕು, ಅಷ್ಟು ತಿಳಿಯದವನೇ ನಾನು?

ಮುಂದಿನ ವಾರ ಫಿಲ್ಮ್ ಕ್ಯಾಮೆರಾ, ಸ್ಟ್ಯಾಂಡು ಸಮೇತ ಹೋದೆ. ಹನ್ನೊಂದು ಮಂದಿಯನ್ನೂ ಗೋಡೆಗೆ ಸಾಲಾಗಿ ನಿಲ್ಲಿಸಿದೆ. ಅವರೆಲ್ಲ ಹಬ್ಬದ ಸೀರೆ ಉಟ್ಟು, ಎಣ್ಣೆ ಹಚ್ಚಿ ತಲೆ ಬಾಚಿಕೊಂಡು ಬಂದಿದ್ದರು. ನಗಿರಿ ಎಂದರೆ ಯಾರೂ ನಗಲಿಲ್ಲ. ನಾನು ಗದರಿದ ಮೇಲಂತೂ ಇನ್ನಷ್ಟು ಬಿಗಿದುಕೊಂಡರು. ಪರವಾಗಿಲ್ಲವೆಂದು ಮೂರು ಸಲ ಕ್ಲಿಕ್ಕಿಸಿ, ರಾಣೆಬೆನ್ನೂರಿಗೆ ಬಂದು, ಹನ್ನೆರಡಕ್ಕೆ ಹದಿನೆಂಟು ಇಂಚಿನ ಪ್ರಿಂಟು ಹಾಕಿಸಿದೆ. ಅಚ್ಚುಕಟ್ಟಾದ ಫೋಟೋ. ಒಬ್ಬೊಬ್ಬರ ಮೂಗುಬೊಟ್ಟಿನ ಹರಳೂ ಎಣಿಸುವಷ್ಟು ಸ್ಪಷ್ಟ.

ಅದನ್ನು ಸುರುಳಿ ಸುತ್ತಿಕೊಂಡು ಹೋಗಿ ಹುಸೇನಬಿಯ ತೊಡೆಯ ಮೇಲೆ ಬಿಡಿಸಿಟ್ಟೆ. ಆಕೆ ಚಾಳೀಸಿನ ಕನ್ನಡಕ ಹಾಕಿಕೊಂಡು ಬಗ್ಗಿದಳು. ತಲೆಯನ್ನು ಎಡಕ್ಕೆ ತಿರುಗಿಸಿದಳು, ಬಲಕ್ಕೆ ತಿರುಗಿಸಿದಳು, ಮತ್ತೆ ಎಡಕ್ಕೆ. ಕಳೆದ ಸೂಜಿಯನ್ನು ಚಾಪೆಯ ಮೇಲೆ ಹುಡುಕುವಂತಿತ್ತು.

“ಇಕಿ ಗಂಗವ್ವ ಏನು? ಹೌದು ಗಂಗವ್ವ. ಗಂಗವ್ವನ ಬಾಜೂಕ ಯಾರ ಅದಾರ? ತಡೀರಿ... ಗಂಗವ್ವ ಎತ್ತಾಗ ಹೋದ್ಲು?”

ನನಗೆ ಅರ್ಥವಾಗಲಿಲ್ಲ. ಉಳಿದವರಿಗೆಂದು ನಾನು ತಂದಿದ್ದ, ಅಂಚೆ ಕಾರ್ಡಿನಷ್ಟಿದ್ದ ಪ್ರತಿಯೊಂದನ್ನು ಕಲ್ಲವ್ವ ಕೊಟ್ಟು ನೋಡಿದಳು. ಅದರಲ್ಲಿ ಸಾಲು ಪೂರ್ತಿ ಸಿಕ್ಕಿತು, ಆದರೆ ತಲೆಯಿಂದ ಕಾಲವರೆಗೆ ತೆಗೆದ ಫೋಟೋ, ಮುಖಗಳು ಸಾಸಿವೆ ಕಾಳಿನಷ್ಟಾಗಿದ್ದವು. “ಪೋಲೀಸರು ಹಿಡದು ನಿಲ್ಲಿಸಿಧಂಗ ಐತಲ್ಲೇ. ಯಾರಂತ ಗೊತ್ತಾಗವಲ್ದು,” ಎಂದು ಹುಸೇನಬಿ ನಕ್ಕಳು. ನಂತರ ನನ್ನ ಕಡೆ ತಿರುಗಿ, “ತ್ರಾಸ ತಗೋಬ್ಯಾಡ್ರಿ ಸಾಹೇಬ್ರ. ನಿಮ್ಮ ಫೋಟೋ ಛಲೋ ಐತಿ. ನನ್ನ ಕಣ್ಣ ಸುಮಾರದಾವು,” ಎಂದಳು.

ನಾನು ಬೈಸಿಕೊಂಡು ಬೆಳೆದವನು, ಬೈದೂ ಬಲ್ಲವನು. ಹೀಗೆ ಸಮಾಧಾನ ಹೇಳಿಸಿಕೊಂಡದ್ದು ಮಾತ್ರ ತಡೆಯಲಾಗಲಿಲ್ಲ. ನಾಚಿಕೆಯಾಯಿತು. ಆಕೆಯ ಎದುರಿಗೆ ಕುಕ್ಕರುಗಾಲಿನಲ್ಲಿ ಕೂತು, “ನಿಮಗ ಹೆಂಗ ಕಾಣತೈತಿ, ಅದನ್ನರ ಹೇಳ್ರಿ,” ಎಂದು ಮೊದಲ ಬಾರಿಗೆ ಕೇಳಿದೆ.

“ನೀವು ಕಾಣತೀರಿ. ನಿಮ್ಮ ಮೀಸಿ ಕಾಣತೈತಿ, ಬಿಳೀ ಕೂದಲಾ ಸುದ್ದಾ ಕಾಣತಾವು. ನಿಮ್ಮ ಕಿವಿ ಆಚೆ ಏನೂ ಇಲ್ಲ. ಎದುರಿಗೆ ಕುಂತ ಕಲ್ಲವ್ವ ಕಾಣತಾಳ. ಬಾಜೂಕ ತೊಡಿಗೆ ತೊಡಿ ಹಚ್ಚಿ ಕುಂತ ರೇಣವ್ವನ ಮಾತ ಕೇಳತೈತಿ, ಅಕಿ ಕಾಣೂದಿಲ್ಲ. ಹೊಳ್ಳಿ ನೋಡಿದ್ರ ಅಕಿ ಮಾರಿ ಅಷ್ಟ ಕಾಣತೈತಿ, ಉಳದವ್ರು ಹೋಗತಾರ. ಎಲ್ಲಾರೂ ಕೂಡಿ ಕಂಡು ಎರಡ ವರ್ಷಾತ್ರಿ.”

ಬ್ಯಾಡಗಿ ಸ್ಟೇಷನ್ನಿನಲ್ಲಿ ರೈಲಿಗೆ ಕಾಯುತ್ತ ಕೂತಾಗ ಆ ಮಾತೇ ತಲೆಯಲ್ಲಿ ಸುತ್ತುತ್ತಿತ್ತು. ಬೇಡವಾದ ಆ ದೊಡ್ಡ ಪ್ರಿಂಟು ಸುರುಳಿಯಾಗಿ ಕೈಯಲ್ಲೇ ಇತ್ತು. ಸುಮ್ಮನೆ ಅದನ್ನು ಕಣ್ಣಿಗೆ ಹಚ್ಚಿ, ಇನ್ನೊಂದು ಕಣ್ಣು ಮುಚ್ಚಿ ನೋಡಿದೆ. ಚಹಾ ಮಾರುವವನ ಕೆಟಲು ಕಂಡಿತು. ಚಹಾ ಮಾರುವವನು ಕಾಣಲಿಲ್ಲ. ಸುರುಳಿಯನ್ನು ಸರಿಸಿದೆ, ಅವನು ಬಂದ, ಕೆಟಲು ಹೋಯಿತು. ಆಕೆಗೆ ಉಳಿದಿದ್ದ ನೋಟ ಮಂಜಲ್ಲ, ಒಂದು ದುಂಡಗಿನ ಕಿಂಡಿ. ಕಿಂಡಿಯೊಳಗೆ ಎಲ್ಲವೂ ಚೊಕ್ಕವಾಗಿತ್ತು. ಫೋಟೋ ದೊಡ್ಡದು ಮಾಡಿದಷ್ಟೂ ಅದು ಕಿಂಡಿಯ ಹೊರಗೆ ಹೋಗುತ್ತಿತ್ತು. ಹನ್ನೊಂದು ಮಂದಿಯ ಉದ್ದನೆಯ ಸಾಲು ದುಂಡಗಿನ ಕಿಂಡಿಗೆ ಹೊಂದುವಂತೆಯೂ ಇರಲಿಲ್ಲ. ಹಾಗಾದರೆ ಆ ಕಿಂಡಿಯೊಳಗೆ ಇಡೀ ಸುತ್ತನ್ನು ತುಂಬುವುದು ಹೇಗೆ ಎಂದು ಯೋಚಿಸುತ್ತಿದ್ದಂತೆ ನನ್ನ ಬಾಯಿಂದ “ಕಪ್ಪಿಗಣ್ಣು!” ಎಂಬ ಕೂಗು ಹೊರಟಿತು. ಬೆಂಚಿನ ಮೇಲಿದ್ದ ಹಿರಿಯರೊಬ್ಬರು ತಮ್ಮ ಚೀಲವನ್ನು ಇನ್ನೊಂದು ಪಕ್ಕಕ್ಕೆ ಇಟ್ಟುಕೊಂಡರು.

ಎರಡು ದಿನ ಬಿಟ್ಟು ಪುಟ್ಟ ಕ್ಯಾಮೆರಾಕ್ಕೆ ಕೊಳವೆ, ಲೆನ್ಸು ಕೂರಿಸಿಕೊಂಡು ಮತ್ತೆ ಹೋದೆ. ಈ ಸಲ ಯಾರನ್ನೂ ನಿಲ್ಲಿಸಲಿಲ್ಲ. “ನೀವು ದಿನಾ ಹೆಂಗ ಕುಂದರತೀರಿ ಹಂಗ ಕುಂದ್ರಿ, ರಾಶಿ ಸುತ್ತ,” ಎಂದೆ. ಒಂದು ತೊಡಕಿತ್ತು. ಕನ್ವರ್ಟರ್ ಇದ್ದಾಗ ಫ್ಲ್ಯಾಶ್ ಹಾಕಲು ಬರುವುದಿಲ್ಲ, ಲೆನ್ಸಿನ ನೆರಳೇ ಚಿತ್ರದ ಮೇಲೆ ಬೀಳುತ್ತದೆ. ವಖಾರಿಯೊಳಗೆ ಬೆಳಕು ಸಾಲದು. ನಾನು ತಲೆ ಕೆರೆದುಕೊಳ್ಳುತ್ತಿರುವಾಗ ಕಲ್ಲವ್ವ ಎದ್ದಳು. “ಬೆಳಕ ಒಳಗ ಬರೂದಿಲ್ಲಂದ್ರ ರಾಶಿ ಹೊರಗ ಹೋಗತೈತಿ. ಏಳ್ರೇ!” ಎಂದಳು. ಹತ್ತು ನಿಮಿಷದಲ್ಲಿ ಪುಟ್ಟಿ ಪುಟ್ಟಿಯಾಗಿ ಮೆಣಸಿನಕಾಯಿ ಬೇವಿನ ಮರದ ಕೆಳಗೆ ಬಂದು ಬಿತ್ತು. ವಖಾರಿಯ ಮಾಲೀಕ ಏನೋ ಕೇಳಲು ಬಂದವನು ಕಲ್ಲವ್ವನ ಮುಖ ನೋಡಿ, ಏನೂ ಕೇಳದೆ ತಾನೂ ಒಂದು ಪುಟ್ಟಿ ಹೊತ್ತ.

ಎಲ್ಲರೂ ತಮ್ಮ ತಮ್ಮ ಜಾಗದಲ್ಲಿ ಕುಳಿತರು. ನಾನು ಕ್ಯಾಮೆರಾವನ್ನು ಹುಸೇನಬಿಯ ಕೈಗೆ ಕೊಟ್ಟೆ. ಹೆಂಗಸರೆಲ್ಲ ಗದ್ದಲ ಮಾಡಿದರು. ಫೋಟೋ ಅವಳಿಗಾಗಿ, ತೆಗೆಯುವವಳೂ ಅವಳೇ ಎಂದರೆ ಹೇಗೆ?

ಹೇಗೆಂದರೆ ಹೀಗೆ: ಸುತ್ತಾಗಿ ಕುಳಿತಾಗ ಯಾರೇ ನೇರ ನಡುವಿಗೆ ಮುಖ ಮಾಡಿದರೂ ಉಳಿದವರೆಲ್ಲ ಅವರ ಎಡಗೈ ಬಲಗೈಗಳ ನೇರದಿಂದ ಮುಂದೆಯೇ ಇರುತ್ತಾರೆ, ಒಬ್ಬರೂ ಬೆನ್ನ ಹಿಂದೆ ಇರುವುದಿಲ್ಲ. ನನ್ನ ಲೆನ್ಸಿನ ಅಳತೆಯೂ ಅಷ್ಟೇ. ಹುಸೇನಬಿ ಕೂತ ಜಾಗದಿಂದ ಅದು ಹತ್ತೂ ಮಂದಿಯನ್ನು ಕ್ಯಾಮೆರಾದ ಹಿಂದಿನ ಎರಡು ಇಂಚಿನ ಪರದೆಯಲ್ಲಿ ದುಂಡಗೆ ತೋರಿಸಬೇಕು. ಆ ಎರಡು ಇಂಚು ಆಕೆಯ ಕಿಂಡಿಯೊಳಗೆ ಹಿಡಿಸಬೇಕು. ಲೆಕ್ಕ ಸರಿಯಿತ್ತು. ಆದರೆ ಸಾಲು ನಿಲ್ಲಿಸಿದ ದಿನವೂ ನನ್ನ ಲೆಕ್ಕ ನನಗೆ ಸರಿಯೇ ಅನಿಸಿತ್ತು. ಇದೂ ಹುಸಿಹೋದರೆ ಆಕೆ ಮತ್ತೆ ನನಗೇ ಸಮಾಧಾನ ಹೇಳುತ್ತಾಳೆಂಬ ಅಳುಕಿತ್ತು.

ಹುಸೇನಬಿ ಎಣ್ಣೆಗೈಯನ್ನು ಸೆರಗಿಗೆ ಒರೆಸಿಕೊಂಡು, ಎಳೆಗೂಸನ್ನು ಹಿಡಿದಂತೆ ಎರಡೂ ಕೈಯಲ್ಲಿ ಕ್ಯಾಮೆರಾ ಹಿಡಿದಳು. ಕನ್ನಡಕ ಮೂಗಿನ ಮೇಲೆ ಜಾರಿಸಿದಳು. ಕ್ಯಾಮೆರಾವನ್ನು ಹತ್ತಿರ ತಂದಳು, ದೂರ ಹಿಡಿದಳು, ಒಂದು ಗೇಣು ದೂರದಲ್ಲಿ ನಿಲ್ಲಿಸಿದಳು. ಸದಾ ಕೆಮ್ಮುವ ಫಕೀರವ್ವ ಕೆಮ್ಮನ್ನು ಸೆರಗಿನಲ್ಲಿ ಅದುಮಿಕೊಂಡಳು.

“ಗಂಗವ್ವ,” ಎಂದಳು ಹುಸೇನಬಿ.

“ಓ!” ಎಂದಳು ಎಡತುದಿಯ ಗಂಗವ್ವ.

“ಶಾಂತವ್ವ. ಫಕೀರವ್ವ. ಏ, ಫಕೀರವ್ವ, ಬಾಯಾಗಿನ ಸೆರಗ ತಗೀಯೇ. ಕಲ್ಲವ್ವ...” ಎಡದಿಂದ ಬಲಕ್ಕೆ ಒಬ್ಬೊಬ್ಬರ ಹೆಸರನ್ನೂ ಕರೆಯುತ್ತ ಹೋದಳು. ಕರೆದವರೆಲ್ಲ ಶಾಲೆಯ ಹಾಜರಿಯಂತೆ ಓಗೊಟ್ಟರು. ತಲೆ ಒಂದು ಸಲವೂ ತಿರುಗಲಿಲ್ಲ. ಹತ್ತನೆಯದು ಬಲಕ್ಕೆ, ತೊಡೆಗೆ ತೊಡೆ ತಾಗಿಸಿ ಕುಳಿತ ರೇಣವ್ವ. ಅವಳ ತಲೆ ಕಂಡದ್ದೇ ಹುಸೇನಬಿ ಕೂಗಿದಳು:

“ಯವ್ವಾ, ರೇಣವ್ವಾ! ನಿನ್ನ ತಲಿ ಯಾವಾಗ ಇಷ್ಟ ಬೆಳ್ಳಗಾತ? ನನಗ್ಯಾಕ ಹೇಳಲಿಲ್ಲ?”

“ತಲಿ ಬೆಳ್ಳಗಾದ್ರ ಡಂಗುರಾ ಹೊಡಸತಾರೇನವಾ?” ಎಂದು ರೇಣವ್ವ ಅಂದದ್ದೇ ತಡ, ಬೇವಿನ ಮರದ ಕಾಗೆಗಳೂ ಹಾರುವಂತೆ ಎಲ್ಲರೂ ನಕ್ಕರು. ರೇಣವ್ವ ನಗುತ್ತಲೇ ಅತ್ತಳು. ಕಲ್ಲವ್ವ “ಖಾರ ಹತ್ತೈತಿ” ಎಂದು ಮುಖ ತಿರುಗಿಸಿದಳು. ನನಗೂ ಖಾರ ಹತ್ತಿತ್ತು, ಆ ದಿನ ಕರವಸ್ತ್ರ ಮುಟ್ಟಿರಲಿಲ್ಲ.

“ಒತ್ರಿ!” ಎಂದೆ ನಾನು. “ಬಲಗಡೆ ಮ್ಯಾಲಿನ ಗುಂಡಿ!”

ಹುಸೇನಬಿ ಒತ್ತಿದಳು. ಎಲ್ಲರೂ ನಗುತ್ತಿದ್ದಾಗಲೇ ಫೋಟೋ ಬಿತ್ತು. ನಾನು ಗದರಿ ನಗಿಸಲು ನೋಡಿದ್ದ ಅದೇ ಮುಖಗಳು. ಅಂಚಿನ ಗಂಗವ್ವ, ರೇಣವ್ವರ ಕೆನ್ನೆಗಳು ಹೋಳಿಗೆಯಂತೆ ಅಗಲವಾಗಿದ್ದವು. ಅವರು ನೋಡಿ ಇನ್ನಷ್ಟು ನಕ್ಕರೇ ಹೊರತು ಯಾರೂ ನನ್ನನ್ನು ಬಾಳೆಹಣ್ಣಿನ ಬಗ್ಗೆ ಕೇಳಲಿಲ್ಲ. ಕೆಳಗಡೆ ಹುಸೇನಬಿಯ ಮೊಣಕಾಲು, ಮೆಣಸಿನಕಾಯಿಯ ರಾಶಿ. ಒಂದು ಕಡೆ ಲೆನ್ಸು ಹಿಡಿದ ಆಕೆಯ ಬೆರಳೂ ಬಂದಿತ್ತು. ಫೋಟೋದಲ್ಲಿ ಬೆರಳು ಬಂದರೆ ಅದು ಶುದ್ಧ ತಪ್ಪು, ಬೇರೆ ದಿನವಾಗಿದ್ದರೆ ಮತ್ತೊಂದು ತೆಗೆಸುತ್ತಿದ್ದೆ.

“ಆದ್ರ ನೀನ ಬರಲಿಲ್ಲಲ್ಲ ಇದರಾಗ,” ಎಂದಳು ಗಂಗವ್ವ.

“ನಾ ನನಗ್ಯಾಕ ಬೇಕ? ನನಗ ನೀವು ಬೇಕಾಗಿತ್ತು.”

“ನಮಗ ನೀ ಬ್ಯಾಡೇನು?” ಎಂದ ಗಂಗವ್ವ ಕ್ಯಾಮೆರಾ ಕಸಿದುಕೊಂಡಳು. ಆಮೇಲೆ ನನ್ನನ್ನು ಯಾರೂ ಕೇಳಲಿಲ್ಲ. ಕ್ಯಾಮೆರಾ ಕೈಯಿಂದ ಕೈಗೆ ರಾಶಿಯ ಸುತ್ತ ಹೋಯಿತು. ಪ್ರತಿಯೊಬ್ಬಳೂ ತಾನು ಕೂತ ಜಾಗದಿಂದ ಒಂದೊಂದು ತೆಗೆದಳು. ಉಬ್ಬಿದ ಗಾಜಿನ ಮೇಲೆ ಕೊಬ್ಬರಿ ಎಣ್ಣೆಯ ಬೆರಳಚ್ಚುಗಳು ಬೀಳುತ್ತಿದ್ದುದನ್ನು ನಾನು ಹಲ್ಲು ಕಚ್ಚಿಕೊಂಡು ನೋಡುತ್ತಿದ್ದೆ. ಒಟ್ಟು ಹನ್ನೊಂದು ಫೋಟೋಗಳಾದವು. ಅವುಗಳಲ್ಲಿ ಹತ್ತರಲ್ಲಿ ಹುಸೇನಬಿ ಇದ್ದಾಳೆ, ಹತ್ತರಲ್ಲೂ ನಗುತ್ತಿದ್ದಾಳೆ.

ಆಕೆ ತೆಗೆದ ಫೋಟೋವನ್ನು ನಾನು ದೊಡ್ಡದು ಮಾಡಿಸಲಿಲ್ಲ. ಅಂಗೈಯಗಲ ಪ್ರಿಂಟು ಹಾಕಿಸಿ, ಸುತ್ತಲಿನ ಕಪ್ಪನ್ನು ಕತ್ತರಿಸಿ, ದುಂಡಗೆ ಲ್ಯಾಮಿನೇಷನ್ ಮಾಡಿಸಿದೆ. ಸುಗ್ಗಿ ಮುಗಿಯುವ ವಾರ ಕೊಟ್ಟು ಬಂದೆ. ಹುಸೇನಬಿ ಅದನ್ನು ಒಂದು ಗೇಣು ದೂರ ಹಿಡಿದು, ತಲೆ ಅಲ್ಲಾಡಿಸದೆ ಬಹಳ ಹೊತ್ತು ನೋಡಿದಳು. “ಎಲ್ಲಾರೂ ಅದಾರ,” ಎಂದಳು. ಆಮೇಲೆ ಎಲೆಅಡಿಕೆಯ ಸಂಚಿಯಲ್ಲಿ ಇಟ್ಟುಕೊಂಡಳು. ಕಲ್ಲವ್ವ ನನಗೆ ಎರಡು ಕಿಲೋ ಮೆಣಸಿನಕಾಯಿ ಕಟ್ಟಿಕೊಟ್ಟಳು, ಹನ್ನೊಂದು ಮಂದಿ ಕೂಡಿ ತುಂಬು ಬಿಡಿಸಿದ್ದು. ಮನೆಯಲ್ಲಿ ಆ ಲೆನ್ಸಿನ ಬೆಲೆಯ ಮಾತು ಅಂದಿಗೆ ನಿಂತಿತು.

ಆಮೇಲೂ ನಾನು ಹದಿನಾಲ್ಕು ವರ್ಷ ಸ್ಟುಡಿಯೋ ನಡೆಸಿದೆ. ಕ್ಯಾಮೆರಾಗಳು ಬದಲಾದವು, ಸಿಟ್ಟು ಅಷ್ಟಾಗಿ ಬದಲಾಗಲಿಲ್ಲ. ಆದರೆ ಬ್ಯಾಡಗಿಯ ಆ ಬೇವಿನ ಮರದ ಕೆಳಗೆ ಕಲಿತದ್ದನ್ನು ಬಿಡಲಿಲ್ಲ. ಎಷ್ಟು ಪ್ರತಿ, ಯಾವ ಸೈಜು ಎಂದು ಕೇಳುವ ಮೊದಲು, ಬಂದ ಗಿರಾಕಿಯನ್ನು ಕೂರಿಸಿ, “ಇದನ್ನ ಯಾರು ನೋಡವರು?” ಎಂದು ಕೇಳುತ್ತಿದ್ದೆ. ಬಹಳಷ್ಟು ಮಂದಿ ಇವನಿಗೇನು ಬಂತು ಎಂಬಂತೆ ನನ್ನ ಮುಖ ನೋಡುತ್ತಿದ್ದರು. ಕೆಲವರು ಮಾತ್ರ ಸ್ವಲ್ಪ ಹೊತ್ತು ಯೋಚಿಸಿ, ಕುರ್ಚಿ ಹತ್ತಿರ ಎಳೆದುಕೊಂಡು, ಒಬ್ಬರ ಹೆಸರು ಹೇಳುತ್ತಿದ್ದರು.